ಬಿರುಬಿಸಿಲಿಗೆ ಬದಲಾದ ಕಚೇರಿ ವೇಳೆ: ಹಳ್ಳಿಯ ರೈತನಿಗೆ ಎಷ್ಟು ಅನುಕೂಲ?

ಯುಗಾದಿ ಕಳೆಯಿತೆಂದರೆ ಕಲಬುರಗಿ ಸೀಮೆಯಲ್ಲಿ ಬಿಸಿಲಿನ ಆಳ್ವಿಕೆ ಆರಂಭವಾಗುತ್ತದೆ. ಜೋಳ, ಕಡಲೆಯ ರಾಶಿ ಮುಗಿದು ಎರೆಹೊಲಗಳು ಬಿರುಕುಬಿಟ್ಟು ಮಲಗಿರುತ್ತವೆ. ಹೊಲದ ಕೆಲಸ ಕಡಿಮೆಯಾಗುವ ಈ ಎರಡು ತಿಂಗಳುಗಳಲ್ಲಿಯೇ ರೈತನಿಗೆ ಕಚೇರಿಯ ಕೆಲಸ ಹೆಚ್ಚು. ಪಹಣಿಯಲ್ಲಿನ ತಪ್ಪು ತಿದ್ದಿಸಬೇಕು, ಸಹಕಾರಿ ಸಂಘದ ಸಾಲ ನವೀಕರಿಸಬೇಕು, ಮಕ್ಕಳನ್ನು ಶಾಲೆಗೆ ಸೇರಿಸಲು ಜಾತಿ ಹಾಗೂ ಆದಾಯದ ಪ್ರಮಾಣಪತ್ರ ತರಬೇಕು, ಮುಂಗಾರಿಗೆ ಬೀಜ ಗೊಬ್ಬರ ಹೊಂದಿಸಬೇಕು. ಹೀಗಾಗಿ ವರ್ಷದ ಅತಿ ಕಠಿಣ ಬಿಸಿಲಿನಲ್ಲಿ ನಮ್ಮ ರೈತರು ಹಳ್ಳಿಯಿಂದ ಕಮಲಾಪುರಕ್ಕೆ, ಕಮಲಾಪುರದಿಂದ ಕಲಬುರಗಿಗೆ ಓಡಾಡುವುದು ಅನಿವಾರ್ಯವಾಗುತ್ತದೆ.

ಬಿಸಿಲಿಗಾಗಿ ಸರ್ಕಾರ ಮಾಡಿಕೊಂಡಿರುವ ಸಿದ್ಧತೆಗಳು ಯಾವುವು, ಅವು ಹಳ್ಳಿಯವನ ಕೈಗೆ ಎಷ್ಟು ಸಿಗುತ್ತವೆ, ಸಿಗದಿದ್ದಲ್ಲಿ ನಾವು ಕೇಳಬೇಕಾದದ್ದೇನು ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30

ನಮ್ಮ ಭಾಗದಲ್ಲಿ ಬಿಸಿಲಿಗಾಗಿ ಸರ್ಕಾರ ಮಾಡುವ ಏರ್ಪಾಡುಗಳಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಕಚೇರಿ ವೇಳೆಯ ಬದಲಾವಣೆ. 2025ರಲ್ಲಿ ರಾಜ್ಯ ಸರ್ಕಾರವು ಏಪ್ರಿಲ್ ಮತ್ತು ಮೇ ತಿಂಗಳುಗಳಿಗೆ ಒಂಬತ್ತು ಜಿಲ್ಲೆಗಳ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ನಿಗದಿ ಮಾಡಿತು. ಕಲಬುರಗಿ ವಿಭಾಗದ ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳು ಹಾಗೂ ಬೆಳಗಾವಿ ವಿಭಾಗದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಈ ಆದೇಶಕ್ಕೆ ಒಳಪಟ್ಟಿದ್ದವು. ಇಂಥ ಆದೇಶ ನಮ್ಮ ಸೀಮೆಗೆ ಹೊಸದಲ್ಲ. ಹಿಂದಿನ ಹಲವು ಬೇಸಿಗೆಗಳಲ್ಲಿಯೂ ಹೊರಟಿದೆ. ಆದರೆ ಅದು ಆಯಾ ವರ್ಷಕ್ಕೆ ಪ್ರತ್ಯೇಕವಾಗಿ ಹೊರಡುವ ಆದೇಶವಾದ್ದರಿಂದ, ಯಾವ ದಿನದಿಂದ ಜಾರಿ ಎಂಬುದನ್ನು ಪ್ರತಿ ವರ್ಷವೂ ವಿಚಾರಿಸಿಕೊಳ್ಳಬೇಕು.

ಕೂಲಿಕಾರರ ವಿಷಯದಲ್ಲಿಯೂ ಇಂಥದೇ ಒಂದು ರಿಯಾಯಿತಿ ನಡೆದುಬಂದಿದೆ. ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯ ಕಾಮಗಾರಿಗಳಲ್ಲಿ ಹಿಂದಿನ ಬೇಸಿಗೆಗಳಲ್ಲಿ ಕಲಬುರಗಿ ಮತ್ತು ಬೆಳಗಾವಿ ವಿಭಾಗಗಳವರಿಗೆ ಏಪ್ರಿಲ್, ಮೇ ತಿಂಗಳಲ್ಲಿ ಕೆಲಸದ ಅಳತೆಯಲ್ಲಿ ಶೇಕಡಾ 30ರಷ್ಟು ವಿನಾಯಿತಿ ಕೊಡಲಾಗಿತ್ತು. ಅಂದರೆ ನೂರು ಪಾಲು ಮಣ್ಣು ಕಡಿಯಬೇಕಾದಲ್ಲಿ ಎಪ್ಪತ್ತು ಪಾಲು ಕಡಿದರೂ ಪೂರ್ತಿ ಕೂಲಿ. ಬಿಸಿಲಿನಲ್ಲಿ ಮನುಷ್ಯನ ಶಕ್ತಿ ಕುಗ್ಗುತ್ತದೆ ಎಂಬುದನ್ನು ಸರ್ಕಾರವೇ ಲೆಕ್ಕದಲ್ಲಿ ಒಪ್ಪಿಕೊಂಡದ್ದಕ್ಕೆ ಇದು ಉದಾಹರಣೆ. ಸ್ವಂತ ಹೊಲದಲ್ಲಿ ಆಳು ಹಚ್ಚುವ ರೈತರೂ ಈ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ವೇಳೆ ಬದಲಾದರೆ ಸಾಕೇ?

ಕಚೇರಿ ವೇಳೆ ಬದಲಾದುದರಿಂದ ನೌಕರರಿಗೆ ಅನುಕೂಲವಾಗುತ್ತದೆ, ಅದು ಸರಿಯೇ. ತಗಡಿನ ಹಾಗೂ ಹಳೆಯ ಕಟ್ಟಡಗಳಲ್ಲಿ ಮಧ್ಯಾಹ್ನದ ಹೊತ್ತು ಕುಳಿತು ಬರೆಯುವುದು ಯಾರಿಗೂ ಸುಲಭವಲ್ಲ. ಆದರೆ ಕಚೇರಿಗೆ ಬರುವ ರೈತನ ದೃಷ್ಟಿಯಿಂದ ಇದನ್ನು ನೋಡಬೇಕು.

ಕಮಲಾಪುರವು ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 35 ಕಿ.ಮೀ. ದೂರದಲ್ಲಿದೆ. ಮೊದಲು ಕಲಬುರಗಿ ತಾಲ್ಲೂಕಿನ ಹೋಬಳಿಯಾಗಿದ್ದ ಈ ಊರು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ತಹಶೀಲ್ದಾರರ ಕಚೇರಿ ಹತ್ತಿರವಾದುದು ಸುತ್ತಲಿನ ಹಳ್ಳಿಗಳಿಗೆ ದೊಡ್ಡ ಉಪಕಾರ. ಆದರೂ ಜಿಲ್ಲಾ ಮಟ್ಟದ ಕೆಲಸ, ದೊಡ್ಡ ಆಸ್ಪತ್ರೆ, ಗಂಜಿನ ವ್ಯಾಪಾರ ಇವುಗಳಿಗೆ ಕಲಬುರಗಿಗೇ ಬರಬೇಕು.

ಈಗ ಕಮಲಾಪುರ ತಾಲ್ಲೂಕಿನ ಒಳಹಳ್ಳಿಯ ರೈತನೊಬ್ಬ ಕಲಬುರಗಿಗೆ ಹೊರಟನೆಂದು ಇಟ್ಟುಕೊಳ್ಳೋಣ. ದನಗಳಿಗೆ ಮೇವು ನೀರು ಮಾಡಿ, ಹೆದ್ದಾರಿಯವರೆಗೆ ನಡೆದು, ಬಸ್ಸು ಹಿಡಿದು ನಗರ ಮುಟ್ಟುವಾಗ ಗಂಟೆ ಹತ್ತೂವರೆ. ಸರದಿಯಲ್ಲಿ ನಿಂತು ಮೇಜಿನ ಮುಂದೆ ಬರುವಾಗ ಹನ್ನೆರಡೂವರೆ. ಒಂದು ಕಾಗದ ಕಡಿಮೆ ಇದೆ ಎಂದರೆ ಅದರ ನಕಲು ತರುವಷ್ಟರಲ್ಲಿ ಒಂದೂವರೆ ಆಗಿ ಬಾಗಿಲು ಮುಚ್ಚುತ್ತದೆ. ದಿನದ ಉಷ್ಣಾಂಶ ತುಟ್ಟತುದಿಗೆ ಏರುವುದು ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ. ನೌಕರನನ್ನು ಬಿಸಿಲಿನಿಂದ ಕಾಪಾಡಲೆಂದು ಮುಚ್ಚಿದ ಬಾಗಿಲು, ಸರದಿಯಲ್ಲಿದ್ದ ರೈತನನ್ನು ಸರಿಯಾಗಿ ಆ ಹೊತ್ತಿಗೇ ಡಾಂಬರು ರಸ್ತೆಗೆ ಇಳಿಸುತ್ತದೆ. ಕೆಲಸವೂ ಆಗಲಿಲ್ಲ, ಮರುದಿನ ಮತ್ತೆ ಬರಬೇಕು. ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಮೇಲೆ ಜೀವಕ್ಕೆ ಅಪಾಯ.

ಇನ್ನೊಂದು ತೊಡಕೂ ಇದೆ. ರಾಜ್ಯ ಸರ್ಕಾರದ ಆದೇಶವು ರಾಜ್ಯ ಸರ್ಕಾರಿ ಕಚೇರಿಗಳಿಗೆ ಮಾತ್ರ ಅನ್ವಯ. ಬ್ಯಾಂಕು, ಅಂಚೆ ಕಚೇರಿಗಳ ವೇಳೆ ಬೇರೆ. ಬೆಳಿಗ್ಗೆ 8 ಗಂಟೆಗೆ ಕಚೇರಿ ತೆರೆದರೂ, ಹತ್ತರವರೆಗೆ ಬ್ಯಾಂಕು ತೆರೆಯದಿದ್ದರೆ ಎರಡೂ ಕೆಲಸ ಮಾಡಿಕೊಳ್ಳಬೇಕಾದವನು ಮಧ್ಯಾಹ್ನದವರೆಗೆ ಕಾಯಲೇಬೇಕು. ಬಸ್ಸಿನ ವೇಳೆ, ಬ್ಯಾಂಕಿನ ವೇಳೆ, ಕಚೇರಿಯ ವೇಳೆ ಈ ಮೂರೂ ಹೊಂದಿಕೊಂಡಾಗ ಮಾತ್ರ ವೇಳೆ ಬದಲಾವಣೆಯ ಲಾಭ ಹಳ್ಳಿಗೆ ಮುಟ್ಟುತ್ತದೆ. ಇಲ್ಲವಾದರೆ ಅದು ಅರ್ಧ ಸಿದ್ಧತೆ.

ಆದ್ದರಿಂದ ಈ ಎರಡು ತಿಂಗಳು ರೈತ ಬಾಂಧವರು ಹೀಗೆ ನಡೆದುಕೊಳ್ಳುವುದು ಮೇಲು. ಮೊದಲ ಬಸ್ಸಿಗೇ ಹೊರಟು ಎಂಟು, ಎಂಟೂವರೆಗೆ ಕಚೇರಿಯ ಮುಂದಿರಬೇಕು. ಬೇಕಾಗುವ ಕಾಗದಗಳ ನಕಲುಗಳನ್ನು ಹಿಂದಿನ ದಿನವೇ ತೆಗೆಸಿಟ್ಟುಕೊಳ್ಳಬೇಕು. ಬ್ಯಾಂಕಿನ ಕೆಲಸವಿದ್ದರೆ ಕಚೇರಿಯ ಕೆಲಸ ಮೊದಲು, ಬ್ಯಾಂಕು ನಂತರ. ಪಹಣಿ ಹಾಗೂ ಹಲವು ಪ್ರಮಾಣಪತ್ರಗಳಿಗೆ ಈಗ ಪಟ್ಟಣಕ್ಕೆ ಹೋಗಬೇಕೆಂದೇ ಇಲ್ಲ. ಗ್ರಾಮ ಒನ್ ಕೇಂದ್ರದಲ್ಲಿ, ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಕೊಡಬಹುದು. ಯಾವ ಕೆಲಸಕ್ಕೆ ಖುದ್ದಾಗಿ ಬರಬೇಕು, ಯಾವುದಕ್ಕೆ ಬೇಡ ಎಂದು ಊರಿನಲ್ಲಿಯೇ ಕೇಳಿ ತಿಳಿದುಕೊಂಡರೆ ಎಷ್ಟೋ ಪ್ರಯಾಣ ಉಳಿಯುತ್ತದೆ.

'ಬಿಸಿಗಾಳಿ' ಘೋಷಣೆಗೆ ಕಾಯಬೇಡಿ

ಹವಾಮಾನ ಇಲಾಖೆಯ ಲೆಕ್ಕದಲ್ಲಿ 'ಬಿಸಿಗಾಳಿ' ಎಂಬುದಕ್ಕೆ ಖಚಿತವಾದ ಅರ್ಥವಿದೆ. ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿರಬೇಕು ಮತ್ತು ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ವಾಡಿಕೆಗಿಂತ 6.4 ಡಿಗ್ರಿಗೂ ಮೀರಿ ಏರಿದರೆ ಅದು ತೀವ್ರ ಬಿಸಿಗಾಳಿ. ವಾಡಿಕೆ ಎಷ್ಟೇ ಇರಲಿ, 45 ಡಿಗ್ರಿ ಮುಟ್ಟಿದರೆ ಬಿಸಿಗಾಳಿ, 47 ಮುಟ್ಟಿದರೆ ತೀವ್ರ ಬಿಸಿಗಾಳಿ. ಒಂದು ಹವಾಮಾನ ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ ಎರಡು ದಿನ ಹೀಗೆಯೇ ಇದ್ದರೆ ಎರಡನೆಯ ದಿನ ಘೋಷಣೆ ಹೊರಡುತ್ತದೆ.

ಇದರಲ್ಲಿ ನಮ್ಮ ಸೀಮೆಯವರು ತಿಳಿಯಬೇಕಾದ ಒಂದು ಸೂಕ್ಷ್ಮವಿದೆ. ಮೇ ತಿಂಗಳ ವಾಡಿಕೆಯ ಉಷ್ಣಾಂಶವೇ 41 ಡಿಗ್ರಿ ಎಂದಿಟ್ಟುಕೊಂಡರೆ, ಅದರ ಮೇಲೆ 4.5 ಸೇರಿಸಿದಾಗ 45.5 ಆಗುತ್ತದೆ. ಅಂದರೆ 43 ಅಥವಾ 44 ಡಿಗ್ರಿ ಬಿಸಿಲು ವಾರಗಟ್ಟಲೆ ಹೊಡೆದರೂ ಲೆಕ್ಕದ ಪ್ರಕಾರ ಅದು ಬಿಸಿಗಾಳಿ ಆಗದೇ ಇರಬಹುದು. ನಮಗೆ ಬಿಸಿಲು ರೂಢಿಯಾಗಿರುವುದರಿಂದಲೇ ಎಚ್ಚರಿಕೆ ತಡವಾಗುತ್ತದೆ. ಆದರೆ ಮೈಗೆ ಈ ಲೆಕ್ಕ ಗೊತ್ತಿಲ್ಲ. ಮನುಷ್ಯನ ದೇಹದ ಶಾಖ 37 ಡಿಗ್ರಿ. ಸುತ್ತಲಿನ ಗಾಳಿ ಅದಕ್ಕಿಂತ ಬಿಸಿಯಾದಾಗ ದೇಹಕ್ಕೆ ಉಳಿದಿರುವ ದಾರಿ ಬೆವರು ಒಂದೇ. ಬೆವರಿಗೆ ನೀರು ಬೇಕು. ಕಷ್ಟದ ದುಡಿಮೆಯಲ್ಲಿ ಗಂಟೆಗೆ ಒಂದು ಲೀಟರ್‌ವರೆಗೆ ಬೆವರು ಹೋಗುವುದುಂಟು.

ಇನ್ನೊಂದು ಮಾತು. ಪತ್ರಿಕೆಯಲ್ಲಿ, ಆಕಾಶವಾಣಿಯಲ್ಲಿ ಹೇಳುವ ಉಷ್ಣಾಂಶ ನೆರಳಿನದು. ಗಾಳಿಯಾಡುವ ಬಿಳಿಯ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಅಳೆದದ್ದು. ಬರಿದಾದ ಎರೆಮಣ್ಣಿನ ಮೇಲ್ಮೈ ಮಧ್ಯಾಹ್ನ 60 ಡಿಗ್ರಿಯ ಸಮೀಪಕ್ಕೆ ಹೋಗುವುದುಂಟು. ಹೊಲದಲ್ಲಿ ಬಗ್ಗಿ ಕೆಲಸ ಮಾಡುವವನಿಗೆ ಮೇಲಿನಿಂದಲೂ ಕೆಳಗಿನಿಂದಲೂ ಝಳ. ಆದ್ದರಿಂದ ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ಗಮನಿಸಿ. ಆದರೆ ಬಣ್ಣ ಬರುವವರೆಗೆ ಕಾಯಬೇಡಿ. 40 ದಾಟಿದರೆ ಎಚ್ಚರಿಕೆ ಎಂದು ನಾವೇ ನಿಯಮ ಮಾಡಿಕೊಳ್ಳುವುದು ಸುರಕ್ಷಿತ.

ಬೇರೆ ರಾಜ್ಯಗಳ ಪಾಠ

ಬಿಸಿಲು ಎಂಬುದು ಪ್ರವಾಹದಂತೆ ಮನೆ ಕೊಚ್ಚಿಕೊಂಡು ಹೋಗುವುದಿಲ್ಲ. ಸದ್ದಿಲ್ಲದೆ ಜೀವ ತೆಗೆಯುತ್ತದೆ. ಒಡಿಶಾ ರಾಜ್ಯದಲ್ಲಿ 1998ರ ಬೇಸಿಗೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಬಿಸಿಲಿಗೆ ಬಲಿಯಾದರು. ಆ ಪೆಟ್ಟಿನ ನಂತರ ಅಲ್ಲಿ ಬಿಸಿಲನ್ನು ವಿಪತ್ತೆಂದು ಪರಿಗಣಿಸಿ ಊರೂರಿಗೆ ತಿಳಿವಳಿಕೆ, ನೀರಿನ ಅರವಟ್ಟಿಗೆ, ಮಧ್ಯಾಹ್ನದ ದುಡಿಮೆಗೆ ತಡೆ ಮುಂತಾದ ಕ್ರಮಗಳು ಬಂದವು.

ಗುಜರಾತಿನ ಅಹಮದಾಬಾದ್ ನಗರದಲ್ಲಿ 2010ರ ಮೇ ತಿಂಗಳಲ್ಲಿ ಉಷ್ಣಾಂಶ 46.8 ಡಿಗ್ರಿಗೆ ಏರಿತು. ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,344 ಸಾವು ಹೆಚ್ಚಾದುವೆಂದು ನಂತರದ ಅಧ್ಯಯನ ತೋರಿಸಿತು. 2013ರಲ್ಲಿ ಆ ನಗರ ದಕ್ಷಿಣ ಏಷ್ಯಾದಲ್ಲಿಯೇ ಮೊದಲ ಬಿಸಿಲು ಕಾರ್ಯಯೋಜನೆಯನ್ನು ಮಾಡಿತು. ಮುಂಚಿತ ಎಚ್ಚರಿಕೆ, ವೈದ್ಯರಿಗೆ ತರಬೇತಿ, ನೀರಿನ ಕೇಂದ್ರಗಳು, ಬಡವರ ಮನೆಗಳ ಛಾವಣಿಗೆ ಬಿಳಿ ಬಣ್ಣ, ಇವೇ ಅದರ ಅಂಗಗಳು. ಇವುಗಳಲ್ಲಿ ಯಾವುದೂ ನಮ್ಮ ತಾಲ್ಲೂಕು ಮಾಡಲಾಗದಷ್ಟು ದುಬಾರಿ ಅಲ್ಲ. 2016ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಎಲ್ಲ ರಾಜ್ಯಗಳಿಗೂ ಇಂಥ ಯೋಜನೆಗೆ ಮಾರ್ಗಸೂಚಿ ಹೊರಡಿಸಿತು.

ನಮ್ಮ ನೆರೆಯ ತೆಲಂಗಾಣ ಮತ್ತು ಆಂಧ್ರದಲ್ಲಿ 2015ರ ಬೇಸಿಗೆಯಲ್ಲಿ ಸಾವಿರಾರು ಸಾವು ಸಂಭವಿಸಿದವು. ತೆಲಂಗಾಣ ಸರ್ಕಾರ 2025ರಲ್ಲಿ ಬಿಸಿಗಾಳಿಯನ್ನು ರಾಜ್ಯದ ವಿಪತ್ತೆಂದು ಘೋಷಿಸಿ, ಬಿಸಿಲಿಗೆ ಸತ್ತವರ ಕುಟುಂಬಕ್ಕೆ 4 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ಇಲ್ಲಿ ನಾವು ಕಲಿಯಬೇಕಾದ ಪಾಠ ಪರಿಹಾರದ್ದಷ್ಟೇ ಅಲ್ಲ, ದಾಖಲೆಯದು ಕೂಡ. ಹೊಲದಲ್ಲಿ ಕುಸಿದು ಸತ್ತವನನ್ನು "ಎದೆ ನಿಂತಿತು" ಎಂದು ಹೇಳಿ ಮಣ್ಣು ಮಾಡಿದರೆ ಆ ಸಾವು ಯಾವ ಲೆಕ್ಕದಲ್ಲಿಯೂ ಬರುವುದಿಲ್ಲ. ಲೆಕ್ಕಕ್ಕೆ ಬಾರದ ಸಾವಿಗೆ ಮರುವರ್ಷ ಹಣವೂ ಬರುವುದಿಲ್ಲ, ಸಿದ್ಧತೆಯೂ ಆಗುವುದಿಲ್ಲ. ಬಿಸಿಲಿಗೆ ಯಾರಾದರೂ ಬಿದ್ದರೆ ಸರ್ಕಾರಿ ಆಸ್ಪತ್ರೆಗೆ ಒಯ್ದು, ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಕೆಲಸ ಮಾಡುವಾಗ ಎಂಬುದನ್ನು ಬರೆಸಬೇಕು.

ಬಿಸಿಲಿನಲ್ಲಿ ಕುಂಟುವ ಸೇವೆಗಳು

ಬಿಸಿಲು ಮನುಷ್ಯರನ್ನಷ್ಟೇ ಅಲ್ಲ, ನಾವು ನಂಬಿಕೊಂಡ ಸೇವೆಗಳನ್ನೂ ಕುಂಟಿಸುತ್ತದೆ. ಒಂದೊಂದಾಗಿ ನೋಡೋಣ.

*ಕುಡಿಯುವ ನೀರು:* ಕಲಬುರಗಿ ನಗರ ಭೀಮಾ ನದಿ ಮತ್ತು ಬೆಣ್ಣೆತೊರಾ ಜಲಾಶಯದ ನೀರನ್ನು ನಂಬಿದೆ. ಹಳ್ಳಿಗಳು ಹೆಚ್ಚಾಗಿ ಕೊಳವೆಬಾವಿಗಳನ್ನು ನಂಬಿವೆ. ಮಳೆ ಕೈಕೊಟ್ಟ ವರ್ಷದ ಮರುಬೇಸಿಗೆಯಲ್ಲಿ ಎರಡೂ ಕಡೆ ತೊಂದರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಯಿತು. 2024ರ ಬೇಸಿಗೆಯಲ್ಲಿ ಭೀಮಾ ಪಾತ್ರವೇ ಬತ್ತಿ ನದಿಗೆ ನೀರು ಬಿಡಿರೆಂದು ಹೋರಾಟ ಮಾಡಬೇಕಾಯಿತು. ಊರಿನ ಕೊಳವೆಬಾವಿ ಬತ್ತುವ ಸೂಚನೆ ಮಾರ್ಚಿಯಲ್ಲಿಯೇ ಕಾಣುತ್ತದೆ: ನೀರು ತಡೆತಡೆದು ಬರುತ್ತದೆ, ಕೊಡ ತುಂಬಲು ಹೊತ್ತು ಹಿಡಿಯುತ್ತದೆ. ಆಗಲೇ ಪಂಚಾಯಿತಿಗೆ ಬರೆದು ಕೊಟ್ಟರೆ ಖಾಸಗಿ ಕೊಳವೆಬಾವಿ ಬಾಡಿಗೆಗೆ ಪಡೆಯಲು, ಟ್ಯಾಂಕರ್ ಗೊತ್ತು ಮಾಡಲು ಕಾಲಾವಕಾಶ ಸಿಗುತ್ತದೆ.

*ವಿದ್ಯುತ್ತು:* ಬೇಸಿಗೆಯಲ್ಲಿ ಪಂಪುಸೆಟ್ಟು, ಫ್ಯಾನು, ಕೂಲರುಗಳ ಹೊರೆ ಒಟ್ಟಿಗೆ ಬೀಳುತ್ತದೆ. ಹೊರಗಿನ ಝಳದಿಂದ ಟಿ.ಸಿ.ಯೊಳಗಿನ ಎಣ್ಣೆ ತಣ್ಣಗಾಗದೆ ಸುಡುವ ಸಂಭವ ಹೆಚ್ಚು. ಸುಟ್ಟ ಟಿ.ಸಿ.ಯನ್ನು ನಗರದಲ್ಲಿ 24 ಗಂಟೆ, ಗ್ರಾಮೀಣ ಪ್ರದೇಶದಲ್ಲಿ 72 ಗಂಟೆಯೊಳಗೆ ಬದಲಾಯಿಸಬೇಕೆಂದು ವಿದ್ಯುತ್ ನಿಯಂತ್ರಣ ಆಯೋಗದ ನಿಯಮವಿದೆ. 42 ಡಿಗ್ರಿ ಬಿಸಿಲಿನಲ್ಲಿ ಮೂರು ದಿನ ನೀರೆತ್ತಲಾಗದಿದ್ದರೆ ಊರಿನ ಗತಿ ಏನೆಂದು ಹೇಳಬೇಕಾಗಿಲ್ಲ. ಆದ್ದರಿಂದ ಟಿ.ಸಿ. ಕೆಟ್ಟ ಕೂಡಲೇ ಜೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಗಂಟೆಗಳ ಎಣಿಕೆಗೆ ಆ ಸಂಖ್ಯೆಯೇ ಆಧಾರ. ಅಕ್ರಮ ಸಂಪರ್ಕಗಳಿಂದ ಹೊರೆ ಹೆಚ್ಚಾಗಿಯೇ ಎಷ್ಟೋ ಟಿ.ಸಿ.ಗಳು ಸುಡುತ್ತವೆಂಬುದನ್ನೂ ನಾವು ಮರೆಯಬಾರದು.

ಕಮಲಾಪುರದ ಬಾಳೆ ಬೆಳೆಗಾರರಿಗೆ ಇದರ ಪೆಟ್ಟು ನೇರ. ಭೌಗೋಳಿಕ ಗುರುತು ಪಡೆದ ಕಮಲಾಪುರದ ಕೆಂಬಾಳೆ ಸುಮಾರು ಒಂದೂವರೆ ವರ್ಷದ ಬೆಳೆ. ಒಂದು ಬೇಸಿಗೆಯನ್ನಾದರೂ ಅದು ದಾಟಲೇಬೇಕು. ವಿದ್ಯುತ್ತು ಯಾವಾಗ ಬಂದರೂ ನೀರು ಕೊಡುವ ಬದಲು, ಹನಿ ನೀರಾವರಿ ಹಾಗೂ ಚಿಕ್ಕ ತೊಟ್ಟಿ ಇದ್ದಲ್ಲಿ ಸಂಜೆ ಅಥವಾ ನಸುಕಿನಲ್ಲಿ ನೀರು ಕೊಡುವುದು ಉತ್ತಮ. ಒಣ ಎಲೆ, ಕಬ್ಬಿನ ರವದಿಯನ್ನು ಬುಡಕ್ಕೆ ಹೊದಿಸಿದರೆ ತೇವ ಉಳಿಯುತ್ತದೆ. ಗೊನೆಯ ದಿಂಡಿಗೆ ಬಿಸಿಲು ತಾಗದಂತೆ ಒಣ ಎಲೆಗಳಿಂದ ಮುಚ್ಚಬೇಕು. ಪಶ್ಚಿಮದ ಬದುವಿಗೆ ಚೊಗಚೆ, ನುಗ್ಗೆಯಂಥ ಗಾಳಿತಡೆ ಇದ್ದರೆ ಬಿಸಿಗಾಳಿಯ ಹೊಡೆತ ತಗ್ಗುತ್ತದೆ.

*ಆಸ್ಪತ್ರೆ:* ಕಚೇರಿ ವೇಳೆ ಬದಲಾದರೂ ಆಸ್ಪತ್ರೆಯ ತುರ್ತು ವಿಭಾಗ ಹಾಗೂ 108 ವಾಹನ ಹಗಲು ರಾತ್ರಿ ಕೆಲಸ ಮಾಡುತ್ತವೆ. ಬೇಸಿಗೆಗೆ ಮುನ್ನ ಆಸ್ಪತ್ರೆಗಳಲ್ಲಿ ಶಾಖಾಘಾತಕ್ಕೆ ಪ್ರತ್ಯೇಕ ಹಾಸಿಗೆ, ಮಂಜುಗಡ್ಡೆ, ಸಲೈನು, ಜೀವಜಲದ ಪೊಟ್ಟಣಗಳು ಸಿದ್ಧವಿರಬೇಕು. ಕಮಲಾಪುರದ ಆಸ್ಪತ್ರೆಯಲ್ಲಿ ಮೊದಲ ತಂಪು ಆರೈಕೆ ಸಿಕ್ಕರೆ, ಅಲ್ಲಿಂದ ಕಲಬುರಗಿಯ ಗುಲ್ಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ಹೋಗುವ 35 ಕಿ.ಮೀ. ಪ್ರಯಾಣವನ್ನು ರೋಗಿ ತಾಳಿಕೊಳ್ಳಬಲ್ಲ. ತಂಪು ಮಾಡದೆ ಬಿಸಿ ಜೀಪಿನಲ್ಲಿ ಹಾಕಿ ಕಳಿಸಿದರೆ ದಾರಿಯಲ್ಲಿಯೇ ಅಪಾಯ.

*ಪಶು ಚಿಕಿತ್ಸೆ:* ಲಸಿಕೆಗಳನ್ನು 2ರಿಂದ 8 ಡಿಗ್ರಿ ಶೈತ್ಯದಲ್ಲಿ ಇಡಬೇಕು. ವಿದ್ಯುತ್ತು ಹೋಗಿ ಶೈತ್ಯ ತಪ್ಪಿದ ಲಸಿಕೆಯನ್ನು ಹಾಕಿಸಿದರೂ ಹಾಕಿಸದಂತೆಯೇ. ಮುಂಗಾರಿಗೆ ಮುನ್ನ ಲಸಿಕೆಗೆ ದನಗಳನ್ನು ಬೆಳಿಗ್ಗೆ ಒಂಬತ್ತರೊಳಗೆ ಹೊಡೆದುಕೊಂಡು ಬನ್ನಿ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಲಸಿಕೆ ತಂದಿದ್ದಾರೆಯೇ ಎಂದು ಕೇಳುವುದು ತಪ್ಪಲ್ಲ. ತುರ್ತು ಚಿಕಿತ್ಸೆಗೆ 1962ಕ್ಕೆ ಫೋನು ಮಾಡಬಹುದು.

*ರೈತ ಸಂಪರ್ಕ ಕೇಂದ್ರ:* ತೊಗರಿ, ಹೆಸರು, ಉದ್ದಿನ ಬೀಜ ವಿತರಣೆ ಮೇ ಕೊನೆ, ಜೂನ್ ಆರಂಭದಲ್ಲಿ ನಡೆಯುತ್ತದೆ. ರೋಹಿಣಿ ಮಳೆಯ ನಿರೀಕ್ಷೆಯಲ್ಲಿ ಎಲ್ಲರೂ ಒಂದೇ ದಿನ ಬಂದು ಬಿಸಿಲಿನಲ್ಲಿ ಸಾಲು ನಿಲ್ಲುವುದನ್ನು ಪ್ರತಿವರ್ಷ ಕಾಣುತ್ತೇವೆ. ಹಳ್ಳಿವಾರು ದಿನ ಗೊತ್ತುಮಾಡಿ ಚೀಟಿ ಕೊಡುವುದು, ಸಾಲಿನ ಮೇಲೆ ತಟ್ಟಿನ ಚಪ್ಪರ ಹಾಕುವುದು, ನೀರಿಡುವುದು ಕೇಂದ್ರದವರ ಕೆಲಸ. ರೈತರ ಕೆಲಸವೆಂದರೆ ಕೊಂಡ ಸಾಮಗ್ರಿಯನ್ನು ಕಾಪಾಡುವುದು. ರೈಜೋಬಿಯಂ, ಟ್ರೈಕೋಡರ್ಮಾ ಪೊಟ್ಟಣಗಳಲ್ಲಿರುವುದು ಜೀವಂತ ಸೂಕ್ಷ್ಮಾಣುಗಳು. ಬಿಸಿಲಿನಲ್ಲಿ ಬೈಕಿನ ಪೆಟ್ಟಿಗೆಯಲ್ಲಿ ಮೂರು ತಾಸು ಇಟ್ಟರೆ ಅವು ಸತ್ತು ಬರೀ ಪುಡಿ ಉಳಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಮನೆಯ ತಂಪು ಮೂಲೆಯಲ್ಲಿಡಿ.

*ಗಂಜು:* ಕಲಬುರಗಿ ಗಂಜಿನಲ್ಲಿ ಮೂಟೆ ಹೊರುವ ಹಮಾಲರದು ಬಿಸಿಲಿನಲ್ಲಿ ಅತಿ ಕಷ್ಟದ ದುಡಿಮೆ. ಇಳಿಸುವುದು, ತೂಗುವುದು ಬೆಳಿಗ್ಗೆಯೇ ಮುಗಿಯುವಂತೆ ಮಾಲು ಹಿಂದಿನ ರಾತ್ರಿಯೇ ತಲುಪಿಸಿದರೆ ಅವರಿಗೂ ರೈತರಿಗೂ ಹಿತ.

ಬಿಸಿಲು ಬಡಿದರೆ ಏನು ಮಾಡಬೇಕು?

ನಮ್ಮ ಕಡೆ 'ಬಿಸಿಲು ಬಡಿಯಿತು' ಎನ್ನುವುದನ್ನೇ ವೈದ್ಯರು ಶಾಖಾಘಾತ ಎನ್ನುತ್ತಾರೆ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ, ಕಾಲಿನ ಮಾಂಸಖಂಡಗಳ ಸೆಳೆತ. ಈ ಹಂತದಲ್ಲಿಯೇ ನೆರಳಿಗೆ ಬಂದು ನೀರು ಕುಡಿದು ಮಲಗಿದರೆ ಸುಧಾರಿಸುತ್ತದೆ. ಅಲಕ್ಷ್ಯ ಮಾಡಿದರೆ ಮೈ ಕೆಂಡದಂತಾಗಿ 40 ಡಿಗ್ರಿ ದಾಟುತ್ತದೆ, ಮಾತು ತೊದಲುತ್ತದೆ, ಗೊಂದಲದ ಮಾತು ಬರುತ್ತದೆ, ಪ್ರಜ್ಞೆ ತಪ್ಪುತ್ತದೆ. ಇದು ಜೀವಾಪಾಯದ ಹಂತ.

ಆಗ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಸುಮ್ಮನೆ ಕಾಯದೆ ತಂಪು ಮಾಡಲು ಆರಂಭಿಸಬೇಕು. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸಿರಿ. ಕುತ್ತಿಗೆ, ಕಂಕುಳು, ತೊಡೆಸಂದಿಗಳಲ್ಲಿ ಒದ್ದೆ ಬಟ್ಟೆ ಅಥವಾ ಮಂಜುಗಡ್ಡೆ ಇಡಿ. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. ಜ್ವರದ ಗುಳಿಗೆಯಿಂದ ಈ ಶಾಖ ಇಳಿಯುವುದಿಲ್ಲ. ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯದು ಎಂಬ ನಂಬಿಕೆ ಇದೆ. ಇಟ್ಟುಕೊಳ್ಳುವುದರಿಂದ ಕೇಡಿಲ್ಲ, ಆದರೆ ಅದು ನೀರಿನ ಬದಲಿಯಲ್ಲ. ಊಟದಲ್ಲಿ ರೊಟ್ಟಿಯೊಂದಿಗೆ ತಿನ್ನಿ, ಜೊತೆಗೆ ನೀರಿನ ಬಾಟಲಿ ಒಯ್ಯಿರಿ.

ದುಡಿಮೆಯಲ್ಲಿರುವಾಗ ಬಾಯಾರಿಕೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ಮಜ್ಜಿಗೆ, ಅಂಬಲಿ ಬಹಳ ಒಳ್ಳೆಯದು. ಜೀವಜಲದ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಸಮಮಟ್ಟವಾಗಿ ಅಳೆದು ಬೆರೆಸಿ. ಹೊಲದ ಕೆಲಸ ನಸುಕಿನ ಐದರಿಂದ ಹತ್ತರವರೆಗೆ, ಮತ್ತೆ ಸಂಜೆ ಐದರ ನಂತರ. ಔಷಧಿ ಸಿಂಪರಣೆಯನ್ನು ಮಧ್ಯಾಹ್ನ ಎಂದೂ ಮಾಡಬಾರದು. ಮುಂಬಯಿ, ಪುಣೆ ಕಡೆ ದುಡಿಯಲು ಹೋಗಿ ಬೇಸಿಗೆಯಲ್ಲಿ ಊರಿಗೆ ಮರಳಿದವರಿಗೆ ಮೈ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು. ಮೊದಲ ದಿನವೇ ಅವರನ್ನು ಪೂರ್ತಿ ದುಡಿಮೆಗೆ ಹಚ್ಚಬೇಡಿ.

ಎಮ್ಮೆಗೆ ಕಪ್ಪು ಚರ್ಮ, ಬೆವರು ಗ್ರಂಥಿಗಳು ಕಡಿಮೆ. ಹಾಲು ಕೊಡುವ ಎಮ್ಮೆಗೆ ಬೇಸಿಗೆಯಲ್ಲಿ ದಿನಕ್ಕೆ 60ರಿಂದ 80 ಲೀಟರ್ ನೀರು ಬೇಕಾದೀತು. ದಿನಕ್ಕೆ ಎರಡು ಸಲ ಮೈತೊಳೆದು, ತಗಡಿನ ಕೊಟ್ಟಿಗೆಯ ಮೇಲೆ ತೊಗರಿ ಕಟ್ಟಿಗೆ, ಸೋಗೆ ಹೊದಿಸಬೇಕು. ಇದೇ ಉಪಾಯ ಮನೆಗೂ ಸಲ್ಲುತ್ತದೆ. ಹಳೆಯ ಮಣ್ಣಿನ ಮಾಳಿಗೆಗಳು ತಂಪಾಗಿದ್ದವು. ತಗಡು ಅಥವಾ ಶಹಾಬಾದ್ ಕಲ್ಲಿನ ಛಾವಣಿಯವರು ಮಾರ್ಚಿಯಲ್ಲಿ ಎರಡು ಸಲ ಸುಣ್ಣ ಬಳಿದರೆ ಒಳಗಿನ ಝಳ ತಗ್ಗುತ್ತದೆ.

ಗ್ರಾಮಸಭೆಯಲ್ಲಿ ಕೇಳಬೇಕಾದದ್ದು

'ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ' ಎಂಬ ಗಾದೆ ಬಿಸಿಲಿನ ಸಿದ್ಧತೆಗೆ ಸರಿಯಾಗಿ ಒಪ್ಪುತ್ತದೆ. ಏಪ್ರಿಲ್ ಕೊನೆಗೆ ಕೂಗಾಡುವುದಕ್ಕಿಂತ ಫೆಬ್ರುವರಿ, ಮಾರ್ಚಿಯ ಗ್ರಾಮಸಭೆಯಲ್ಲಿ ಈ ಕೆಳಗಿನವನ್ನು ಬರವಣಿಗೆಯಲ್ಲಿ ಕೇಳಿರಿ:

1. ಬದಲಾದ ಕಚೇರಿ ವೇಳೆಯನ್ನು ಪ್ರತಿ ಹಳ್ಳಿಯಲ್ಲಿ ಡಂಗುರ ಸಾರಿಸಿ, ಪಂಚಾಯಿತಿ ಹಾಗೂ ವಾಚನಾಲಯದ ಗೋಡೆಗೆ ಹಚ್ಚಬೇಕು.

2. ಎಂಟು ಗಂಟೆಗೆ ಕಚೇರಿ ಮುಟ್ಟುವಂತೆ ಬೆಳಗಿನ ಬಸ್ಸು, ಒಂದೂವರೆಗೆ ಮರಳಲು ಕೂಡಲೇ ಬಸ್ಸು ಬೇಕೆಂದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಪಂಚಾಯಿತಿಯ ಠರಾವು ಹೋಗಬೇಕು.

3. ದೂರದ ಹಳ್ಳಿಯವರಿಗೆ, ವೃದ್ಧರಿಗೆ, ಬಾಣಂತಿ ಮತ್ತು ಗರ್ಭಿಣಿಯರಿಗೆ ಕಚೇರಿಗಳಲ್ಲಿ ಮೊದಲ ಸರದಿ ಕೊಡಬೇಕು. ಒಂದೂವರೆಗೆ ಸಾಲಿನಲ್ಲಿ ಉಳಿದವರ ಅರ್ಜಿಯನ್ನು ಪಡೆದು ಸ್ವೀಕೃತಿ ಕೊಟ್ಟೇ ಬಾಗಿಲು ಹಾಕಬೇಕು.

4. ಬಸ್ ನಿಲ್ದಾಣ, ಕಚೇರಿ, ರೈತ ಸಂಪರ್ಕ ಕೇಂದ್ರ, ಸಂತೆಕಟ್ಟೆಗಳಲ್ಲಿ ನೆರಳು ಮತ್ತು ಅರವಟ್ಟಿಗೆ ಇರಬೇಕು. ದನಗಳ ತೊಟ್ಟಿಗಳಿಗೆ ನೀರು ಬಿಡಬೇಕು.

5. ಆಶಾ ಕಾರ್ಯಕರ್ತೆಯರ ಬಳಿ ಜೀವಜಲದ ಪೊಟ್ಟಣಗಳು ಮಾರ್ಚಿಯಲ್ಲಿಯೇ ತಲುಪಬೇಕು. ಒಂಟಿಯಾಗಿರುವ ವೃದ್ಧರ ಪಟ್ಟಿ ಮಾಡಿ ಬಿಸಿಲು ಹೆಚ್ಚಿದ ದಿನ ಅವರನ್ನು ವಿಚಾರಿಸಬೇಕು.

6. ಬತ್ತುವ ಕೊಳವೆಬಾವಿಗಳ ಮತ್ತು ಹೊರೆ ಮೀರಿದ ಟಿ.ಸಿ.ಗಳ ಪಟ್ಟಿ ಮಾರ್ಚಿಯೊಳಗೆ ತಾಲ್ಲೂಕಿಗೆ ಮುಟ್ಟಬೇಕು.

ಇವುಗಳಲ್ಲಿ ಹೆಚ್ಚಿನವು ಹಣಕ್ಕಿಂತ ಹೊಂದಾಣಿಕೆಯನ್ನು ಬೇಡುವ ಕೆಲಸಗಳು. ಸರ್ಕಾರ ತನ್ನ ಕಚೇರಿಯ ವೇಳೆಯನ್ನು ಬಿಸಿಲಿಗೆ ತಕ್ಕಂತೆ ತಿರುಗಿಸಿಕೊಂಡಿರುವುದು ಒಳ್ಳೆಯದೇ. ಬಸ್ಸು, ನೀರು, ಆಸ್ಪತ್ರೆ, ಬೀಜದ ಅಂಗಡಿ ಇವುಗಳ ವೇಳೆಯೂ ಅದರೊಂದಿಗೆ ಕೂಡಿದಾಗಲೇ ಹಳ್ಳಿಯವನ ಒಂದು ದಿನದ ಕೂಲಿ ಹಾಗೂ ಆರೋಗ್ಯ ಉಳಿಯುವುದು. ಈ ಆರು ಅಂಶಗಳನ್ನು ಬರೆದುಕೊಂಡು ಮುಂದಿನ ಗ್ರಾಮಸಭೆಗೆ ಒಯ್ಯಿರಿ. ಓದು ಬಾರದ ನೆರೆಯವರಿಗೆ ವಾಚನಾಲಯದಲ್ಲಿ ಗಟ್ಟಿಯಾಗಿ ಓದಿ ಹೇಳಿರಿ. ಮಿರಗದ ಮಳೆ ಬಿತ್ತನೆಗೆ ಕರೆಯುವ ಹೊತ್ತಿಗೆ ರೈತನೂ ಅವನ ಎತ್ತುಗಳೂ ಗಟ್ಟಿಯಾಗಿರಬೇಕಾದರೆ ಏಪ್ರಿಲ್, ಮೇ ತಿಂಗಳನ್ನು ಎಚ್ಚರದಿಂದ ದಾಟಬೇಕು.